ಹೊಸಬರು ಬಂದಾಗಷ್ಟೇ ಒರೆಸುವುದು

ಕಂಪ್ಯೂಟರಿನ ನೆನಪಿನಲ್ಲಿ ಒಂದು ಪುಟ ತೆರವಾದಾಗ ಅದನ್ನು ಯಾರೂ ಒರೆಸುವುದಿಲ್ಲ. ಇದು ನನಗೆ ಗೊತ್ತಾದದ್ದು ಸಿಂದಗಿಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಹೆಂಡತಿ ಬರೆದಿದ್ದ ಪಾಠದ ಟಿಪ್ಪಣಿಗಳ ಕನ್ನಡ ತಿದ್ದುತ್ತ ಕೂತಿದ್ದಾಗ.

ಆಕೆ ಬಿಸಿಎ ತರಗತಿಗೆ ಆಪರೇಟಿಂಗ್ ಸಿಸ್ಟಮ್ ಕಲಿಸುತ್ತಿದ್ದಳು. ಅವಳ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಯಂಕಂಚಿ, ದೇವಣಗಾಂವ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವವರು, ಹನ್ನೆರಡನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಇಂಗ್ಲಿಷ್ ಪುಸ್ತಕದ ವಾಕ್ಯಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಇಳಿಸಿ, ಹೊರಗೆ ಬಂದ ಕೂಡಲೇ ಮರೆಯುತ್ತಿದ್ದರು. ಅದಕ್ಕಾಗಿ ಆಕೆ ಪಾಠವನ್ನೆಲ್ಲ ಕನ್ನಡದಲ್ಲಿ ಬರೆಯತೊಡಗಿದ್ದಳು. ನಾನು ಜಿಲ್ಲೆಯ ಪತ್ರಿಕೆಯೊಂದಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳ ಸುದ್ದಿ ಕಳಿಸುವವನು. ವಾಕ್ಯ ಉದ್ದವಾದರೆ ಕತ್ತರಿಸುವುದು, ವಿಶೇಷಣ ಕಂಡರೆ ತೆಗೆಯುವುದು ನನ್ನ ರೂಢಿ. ಹೀಗೆ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಎಂಬುದರ ವ್ಯವಹಾರ ನನ್ನ ಕೈಗೆ ಬಂತು.

ಆಕೆ ಬರೆದದ್ದರ ಸಾರ ಇಷ್ಟು. ಕಂಪ್ಯೂಟರಿನ ನೆನಪನ್ನು ಕರ್ನಲ್ ಸಮಸಮ ತುಂಡು ಮಾಡಿಕೊಂಡಿರುತ್ತದೆ. ಒಂದೊಂದು ತುಂಡಿಗೆ ಪುಟ ಎಂದು ಹೆಸರು. ಪ್ರೋಗ್ರಾಮುಗಳು ಬಂದು ಪುಟ ಕೇಳುತ್ತವೆ, ಕರ್ನಲ್ ಕೊಡುತ್ತದೆ. ಪ್ರೋಗ್ರಾಮು ಮುಗಿದಾಗ ಪುಟಗಳನ್ನು ಮರಳಿ ಪಡೆದು, ಖಾಲಿ ಪುಟಗಳ ಪಟ್ಟಿಗೆ ಸೇರಿಸುತ್ತದೆ. ಸೇರಿಸುತ್ತದೆ ಅಷ್ಟೇ. ಅದರಲ್ಲಿ ಬರೆದದ್ದು ಹಾಗೆಯೇ ಇರುತ್ತದೆ. ಮುಂದೆ ಬೇರೆ ಪ್ರೋಗ್ರಾಮಿಗೆ ಅದೇ ಪುಟ ಕೊಡಬೇಕಾದಾಗ ಮಾತ್ರ ಅದನ್ನು ಪೂರ್ತಿ ಸೊನ್ನೆಗಳಿಂದ ತುಂಬಿ ಕೊಡುತ್ತದೆ, ಒಬ್ಬರ ಗುಟ್ಟು ಇನ್ನೊಬ್ಬರ ಕೈಗೆ ಹೋಗಬಾರದೆಂದು. ಮೊದಲೇ ಒರೆಸಿಡುವುದಿಲ್ಲ, ಯಾಕೆಂದರೆ ಅದು ಮತ್ತೆ ಬಳಕೆಗೆ ಬರುತ್ತದೋ ಇಲ್ಲವೋ ಯಾರಿಗೆ ಗೊತ್ತು. ಸುಮ್ಮನೆ ಕೆಲಸ ದಂಡ.

ನಾನು ಓದಿ, ಖಾಲಿಯಾದ ಬಾಡಿಗೆ ಮನೆಯ ಹಾಗೆ ಎಂದು ಒಂದು ಸಾಲು ಸೇರಿಸಿದ್ದೆ. ಆಕೆ ಅದನ್ನು ಹೊಡೆದು ಹಾಕಿದಳು.

"ಹೋಲಿಕಿ ಬ್ಯಾಡ್ರೀ," ಎಂದಳು. "ನಾ ಮನಿ ಅಂತ ಬರದ್ರ ಅವು ಪರೀಕ್ಷಾದಾಗ ಮನಿ ಬಗ್ಗೆನ ಬರೀತಾವ. ಹೋದ ವರ್ಷ ಒಬ್ಬಾಕಿ ಕರ್ನಲ್ ಸುಣ್ಣ ಹಚ್ಚತೈತಿ ಅಂತ ಬರದಿದ್ಲು."

ಸುದ್ದಿಮನೆಯಲ್ಲೂ ಇದೇ ನಿಯಮ. ನಾನು ಒಪ್ಪಿದೆ. ಇಲ್ಲಿಯೂ ಆದಷ್ಟು ಪಾಲಿಸುತ್ತೇನೆ.

ಆಕೆ ಕೆಲಸ ಮಾಡುತ್ತಿದ್ದದ್ದು ಒಂದು ಶಿಕ್ಷಣ ಸಂಸ್ಥೆಯಲ್ಲಿ. ನಾಲ್ಕು ಊರುಗಳಲ್ಲಿ ಅದಕ್ಕೆ ನಾಲ್ಕು ಕಾಲೇಜುಗಳಿದ್ದವು, ಕಚೇರಿ ಇಂಡಿಯಲ್ಲಿತ್ತು. ಖಾಯಂ ಉಪನ್ಯಾಸಕರು ಕಡಿಮೆ. ಉಳಿದವರು ಹಂಗಾಮಿ. ಜುಲೈಯಲ್ಲಿ ಸೇರಿಸಿಕೊಂಡು ಏಪ್ರಿಲ್ ಕೊನೆಗೆ ಬಿಡುಗಡೆ ಮಾಡುತ್ತಿದ್ದರು. ಬಿಡುಗಡೆ ಪತ್ರದಲ್ಲಿ ಪ್ರತಿ ವರ್ಷವೂ ಅದೇ ಒಕ್ಕಣೆ: ತಮ್ಮ ಸೇವೆಯನ್ನು ಸಂಸ್ಥೆ ಸ್ಮರಿಸುತ್ತದೆ. ಮುಂದಿನ ಜುಲೈಯಲ್ಲಿ ಯಾವ ಕಾಲೇಜಿನಲ್ಲಿ ಜಾಗ ಕಂಡರೆ ಅಲ್ಲಿಗೆ ಕಳಿಸುತ್ತಿದ್ದರು. ಮೊದಲ ವರ್ಷ ಇಂಡಿ, ಎರಡನೆಯ ವರ್ಷ ಮುದ್ದೇಬಿಹಾಳ, ಮೂರನೆಯ ವರ್ಷ ಬಸವನ ಬಾಗೇವಾಡಿ, ನಾಲ್ಕನೆಯ ವರ್ಷ ಸಿಂದಗಿ. ಮನೆ ಸಿಂದಗಿಯಲ್ಲೇ ಇದ್ದದ್ದರಿಂದ ಮೂರು ವರ್ಷ ಆಕೆ ಬಸ್ಸಿನಲ್ಲಿ ಕಳೆದಳು. ನಾಲ್ಕನೆಯ ವರ್ಷ ನಡೆದು ಹೋಗುವ ದೂರ. ಅದನ್ನು ಆಕೆ ಸಂಸ್ಥೆಯ ಕೃಪೆ ಎಂದು ತಿಳಿದಿರಲಿಲ್ಲ. ಪಟ್ಟಿಯಲ್ಲಿ ಹಾಗೆ ಬಿದ್ದಿತ್ತು.

ಪತ್ರಗಳ ವಿಷಯ ಹೇಳಬೇಕು. ಇಂಡಿಯ ಕಚೇರಿಯಲ್ಲಿ ಹೊಸ ಪತ್ರ ಟೈಪು ಮಾಡುವ ಪದ್ಧತಿ ಇರಲಿಲ್ಲ. ಹಿಂದಿನ ವರ್ಷ ಯಾರಿಗೋ ಹೋದ ಪತ್ರದ ಫೈಲು ತೆರೆದು, ಹೆಸರು ಮತ್ತು ಊರು ಬದಲಿಸಿ, ಅದನ್ನೇ ಉಳಿಸಿ ಮುದ್ರಿಸುತ್ತಿದ್ದರು. ಹಾಗಾಗಿ ಹಿಂದಿನ ವರ್ಷದ್ದು ಕಚೇರಿಯಲ್ಲಿ ಉಳಿಯುತ್ತಿರಲಿಲ್ಲ, ಹೊಸ ಪತ್ರದಲ್ಲಿ ಮಾತ್ರ ಅಲ್ಲಲ್ಲಿ ಉಳಿಯುತ್ತಿತ್ತು. ಮುದ್ದೇಬಿಹಾಳಕ್ಕೆ ಹೋಗಲು ಬಂದ ಪತ್ರದ ಮೊದಲ ಸಾಲಿನಲ್ಲಿ ಆಕೆಯ ಹೆಸರಿತ್ತು. ಎರಡನೆಯ ಪರಿಚ್ಛೇದದಲ್ಲಿ ಗೃಹವಿಜ್ಞಾನ ವಿಷಯವನ್ನು ಬೋಧಿಸತಕ್ಕದ್ದು, ಅಡುಗೆ ಪ್ರಯೋಗಾಲಯದ ಪಾತ್ರೆಗಳಿಗೆ ಜವಾಬ್ದಾರರಾಗಿರತಕ್ಕದ್ದು ಎಂದಿತ್ತು. ಆಕೆ ಫೋನ್ ಮಾಡಿ ಕೇಳಿದಳು. ಹೋಗಿ ಹಾಜರಾಗ್ರಿ, ಅಲ್ಲಿಯವರಿಗೆ ಗೊತ್ತೈತಿ ಎಂದರು. ಹಾಜರಾದಳು. ವರ್ಷವಿಡೀ ಕಂಪ್ಯೂಟರೇ ಕಲಿಸಿದಳು. ಪಾತ್ರೆಗಳ ಲೆಕ್ಕ ಯಾರೂ ಕೇಳಲಿಲ್ಲ.

ನಾಲ್ಕನೆಯ ವರ್ಷದ ಮಾರ್ಚಿನಲ್ಲಿ ಸಂಸ್ಥೆ ಒಂದು ಪ್ರಕಟಣೆ ಹೊರಡಿಸಿತು. ಸಿಂದಗಿಯಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಒಂದು ಖಾಯಂ ಹುದ್ದೆ. ಸಂಸ್ಥೆಯಲ್ಲಿ ನಾಲ್ಕು ವರ್ಷ ಪೂರ್ತಿ ಆ ವಿಷಯ ಕಲಿಸಿರಬೇಕು, ಪ್ರತಿ ವರ್ಷಕ್ಕೂ ಆಯಾ ಕಾಲೇಜಿನ ಪ್ರಮಾಣಪತ್ರ ಇರಬೇಕು. ವಯೋಮಿತಿಯೂ ಇತ್ತು. ಆಕೆಗೆ ಅದು ಆ ವರ್ಷಕ್ಕೆ ಮುಗಿಯುತ್ತಿತ್ತು. ಹುದ್ದೆ ಸಿಕ್ಕರೆ ಇನ್ನು ಯಾವ ಏಪ್ರಿಲಿನಲ್ಲೂ ಸಂಸ್ಥೆ ಅವಳನ್ನು ಸ್ಮರಿಸುವ ಪ್ರಸಂಗವಿರಲಿಲ್ಲ. ಸಿಗದಿದ್ದರೆ ಮತ್ತೆ ಅರ್ಜಿ ಹಾಕುವಂತಿರಲಿಲ್ಲ.

ಅರ್ಹರು ಇಬ್ಬರೇ. ಇನ್ನೊಬ್ಬರು ಝಳಕಿಯವರು. ಹೆದ್ದಾರಿಯ ಪಕ್ಕದಲ್ಲಿ ಅವರ ತಂದೆಗೆ ಲಾರಿ ಟೈರು ರಿಪೇರಿಯ ಅಂಗಡಿ ಇತ್ತು. ಆಕೆ ಸೇರಿದ ವರ್ಷವೇ ಸಂಸ್ಥೆಗೆ ಸೇರಿ, ಅದೇ ನಾಲ್ಕು ಊರುಗಳನ್ನು ಬೇರೆ ಕ್ರಮದಲ್ಲಿ ಸುತ್ತಿದವರು. ನನ್ನ ಹೆಂಡತಿಯನ್ನು ಅಕ್ಕಾರ ಎನ್ನುತ್ತಿದ್ದರು. ಇಬ್ಬರೂ ಒಂದೇ ಹುದ್ದೆಗೆ ಅರ್ಜಿ ಹಾಕಿದ ಮೇಲೂ ಅನ್ನುತ್ತಿದ್ದರು.

ಆಕೆಯ ಬಳಿ ಮೂರು ಪ್ರಮಾಣಪತ್ರಗಳಿದ್ದವು. ಮುದ್ದೇಬಿಹಾಳದ್ದು ಇರಲಿಲ್ಲ. ಆ ವರ್ಷದ ಪ್ರಿನ್ಸಿಪಾಲರು ಕೊನೆಯ ದಿನ, ಆಮ್ಯಾಲೆ ಕಳಸ್ತೇನ್ರೀ ಎಂದಿದ್ದರು. ಆಮೇಲೆ ಅವರೇ ಬೇರೆ ಸಂಸ್ಥೆಗೆ ಹೋಗಿದ್ದರು.

ನಾವಿಬ್ಬರೂ ಇಂಡಿಯ ಕಚೇರಿಗೆ ಹೋದೆವು. ಕಾರ್ಯದರ್ಶಿಗಳು ಸೌಜನ್ಯದ ಮನುಷ್ಯ. ಚಹಾ ತರಿಸಿ, ಕಂಪ್ಯೂಟರಿನಲ್ಲಿ ಹುಡುಕಿಸಿ, ಆ ವರ್ಷದ ಪಟ್ಟಿಯ ಮೇಲೆ ಮುಂದಿನ ವರ್ಷದ ಪಟ್ಟಿ ಬಂದಿದೆ, ಹಳೆಯದು ಇಲ್ಲ ಎಂದರು. ಆಕೆ ನೇಮಕದ ಪತ್ರ ತೋರಿಸಿದಳು. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು.

"ಇದು ಗೃಹವಿಜ್ಞಾನದ್ದು ಐತಲ್ರೀ."

ಇದು ನಿಮ್ಮ ಕಚೇರಿಯ ತಪ್ಪು ಎಂದು ಆಕೆ ವಿವರಿಸಿದಳು. ಇರಬಹುದು, ಆದರೆ ಪತ್ರದಲ್ಲಿ ಇದ್ದದ್ದು ಇದೆ ಎಂದರು ಅವರು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಸಂಸ್ಥೆಯ ಹೆಸರಿತ್ತು, ಊರೂ ಇಲ್ಲ, ವಿಷಯವೂ ಇಲ್ಲ. ಕೊನೆಗೆ ಅವರೇ ಒಂದು ದಾರಿ ಹೇಳಿದರು. ಮುದ್ದೇಬಿಹಾಳದ ಹಾಜರಿ ಪುಸ್ತಕದಲ್ಲಿ ಕಂಪ್ಯೂಟರ್ ವಿಭಾಗದ ಸಾಲಿನಲ್ಲಿ ಹತ್ತು ತಿಂಗಳ ಸಹಿ ಇದ್ದರೆ ಸಾಕು. ಮೇ ಮೊದಲ ವಾರ ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಪರಿಶೀಲನೆ. ನಾಲ್ಕೂ ಕಾಲೇಜಿನ ಮೂಲ ಪುಸ್ತಕಗಳನ್ನು ಅಲ್ಲಿಗೆ ತರಿಸುತ್ತೇವೆ.

ಆ ವಾರ ಟಿಪ್ಪಣಿಯ ಮುಂದಿನ ಭಾಗ ನನ್ನ ಮುಂದಿತ್ತು. ನೆನಪು ತುಂಬುತ್ತ ಬಂದಾಗ ಕರ್ನಲ್ ಏನು ಮಾಡುತ್ತದೆ ಎಂಬ ಅಧ್ಯಾಯ. ಬಹಳ ಹೊತ್ತಿನಿಂದ ಯಾರೂ ಮುಟ್ಟದ ಪುಟಗಳನ್ನು ಒಂದು ಪಟ್ಟಿಗೆ ಸರಿಸುತ್ತದೆ. ಅಲ್ಲಿಂದ ಒಂದೊಂದನ್ನೇ ತೆರವು ಮಾಡುತ್ತದೆ. ಡಿಸ್ಕಿನಲ್ಲಿ ನಕಲು ಇರುವ ಪುಟವಾದರೆ ಚಿಂತೆಯಿಲ್ಲ, ಹಾಗೆಯೇ ಬಿಟ್ಟುಕೊಡಬಹುದು. ಓದಿಕೊಂಡ ಮೇಲೆ ಅದರಲ್ಲಿ ಏನಾದರೂ ಹೊಸದು ಬರೆದಿದ್ದರೆ, ಅದನ್ನು ಮೊದಲು ಡಿಸ್ಕಿಗೆ ಇಳಿಸಬೇಕು, ಆಮೇಲೆ ಬಿಡಬೇಕು. ಇಂಥ ಪುಟಕ್ಕೆ ಇಂಗ್ಲಿಷಿನಲ್ಲಿರುವ ಹೆಸರನ್ನು ಆಕೆ ಕೊಳಕು ಪುಟ ಎಂದು ಕನ್ನಡಿಸಿದ್ದಳು. ನಾನು ಬರೆದ ಪುಟ ಎಂದು ತಿದ್ದಿದೆ. ಮತ್ತೂ ಜಾಗ ಸಾಲದಿದ್ದರೆ ಕರ್ನಲ್ ಎಲ್ಲ ಪ್ರೋಗ್ರಾಮುಗಳಿಗೂ ಅಂಕ ಹಾಕಿ, ಹೆಚ್ಚು ಅಂಕ ಬಂದದ್ದನ್ನು ಮುಗಿಸಿಬಿಡುತ್ತದೆ ಎಂಬುದೂ ಅಲ್ಲಿತ್ತು. ಆ ಭಾಗವನ್ನು ಆಕೆ ಮುಂದಿನ ಸೆಮಿಸ್ಟರಿಗೆ ಇಟ್ಟಿದ್ದಳು.

ಡಿಸ್ಕಿಗೆ ಇಳಿಸಲು ಮರೆತು ಬಿಟ್ಟುಕೊಟ್ಟರೆ ಏನಾಗುತ್ತದೆ ಎಂದು ನಾನು ಕೇಳಿದೆ. ತಿದ್ದುವವನು ಕೇಳಬೇಕಾದ ಪ್ರಶ್ನೆ ಅದು. ಆಕೆ ತರಕಾರಿ ಹೆಚ್ಚುತ್ತಿದ್ದಳು.

"ಕರ್ನಲ್ ಮರಿಯಂಗಿಲ್ಲ," ಎಂದಳು. ಹೆಚ್ಚಿದ್ದನ್ನು ಪಾತ್ರೆಗೆ ಹಾಕುತ್ತ, "ನೀವು ಅದನ್ನ ಅಲ್ಲಿ ಬರೀಬ್ಯಾಡ್ರಿ" ಎಂದು ಸೇರಿಸಿದಳು.

ಶನಿವಾರ ಮುದ್ದೇಬಿಹಾಳಕ್ಕೆ ಹೋದೆವು, ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ. ಕಾಲೇಜಿನಲ್ಲಿ ಆಕೆಯನ್ನು ಬಲ್ಲವರು ಈಗ ಒಬ್ಬರೇ ಇದ್ದರು, ಹಿರಿಯ ಗುಮಾಸ್ತರು. ನಿವೃತ್ತಿಯ ಹತ್ತಿರ ಬಂದವರು, ಕಾಗದದ ವಿಷಯದಲ್ಲಿ ಬಹಳ ಬಿಗಿ. ಅವರ ಮೇಜಿನ ಮೇಲಿದ್ದ ಚೀಟಿಗಳೆಲ್ಲ ಹಳೆಯ ಉತ್ತರಪತ್ರಿಕೆಗಳ ಬರೆಯದ ಭಾಗ ಕತ್ತರಿಸಿ ಮಾಡಿದವು. ಬರ್ರಿ ಮೇಡಮ್ಮಾರ, ಭಾಳ ದಿನಕ್ಕ ಬಂದ್ರಿ ಎಂದು ಕುರ್ಚಿ ಕೊಟ್ಟರು. ನನ್ನನ್ನು ನೋಡಿ, ಪೇಪರಿನವರಲ್ಲ ಎಂದು ಖಚಿತಪಡಿಸಿಕೊಳ್ಳಲು ಪ್ರಯತ್ನಿಸಿದರು. ಗಂಡನಾಗಿ ಬಂದಿದ್ದೇನೆ ಎಂದೆ. ಪೂರ್ತಿ ನಂಬಲಿಲ್ಲ.

ಅವರಲ್ಲಿ ಎರಡು ಹಾಜರಿ ಪುಸ್ತಕಗಳಿದ್ದವು. ಖಾಯಂ ಸಿಬ್ಬಂದಿಯದು ದಪ್ಪ ರಟ್ಟಿನದು, ವರ್ಷಕ್ಕೊಂದು ಹೊಸದು, ಸಹಿ ಪೆನ್ನಿನಲ್ಲಿ. ಹಂಗಾಮಿಯವರದು ತೆಳ್ಳಗಿನದು, ಹಲವು ವರ್ಷಗಳಿಂದ ಅದೊಂದೇ. ಅದಕ್ಕೆ ದಾರದಿಂದ ಒಂದು ಪೆನ್ಸಿಲ್ ಕಟ್ಟಿತ್ತು. ತಿಂಗಳಿಗೊಂದು ಹಾಳೆ, ಹಾಳೆಯಲ್ಲಿ ಪ್ರತಿ ವಿಷಯಕ್ಕೆ ಒಂದು ಸಾಲು, ದಿನಕ್ಕೊಂದು ಚೌಕ. ವಿಷಯ ಮಾತ್ರ ಪೆನ್ನಿನಲ್ಲಿ ಬರೆದದ್ದು. ಹೆಸರು, ವರ್ಷ, ಸಹಿ ಎಲ್ಲ ಪೆನ್ಸಿಲ್. ಹೆಸರು ಬರೆಯುವುದು ಗುಮಾಸ್ತರು, ಸಹಿ ಮಾಡುವುದು ಬಂದವರು. ಬಂದವರು ಹೋದ ಮೇಲೆ ಆ ಸಾಲನ್ನು ರಬ್ಬರಿನಿಂದ ಒರೆಸಿ ಇನ್ನೊಬ್ಬರಿಗೆ ಕೊಡುತ್ತಿದ್ದರು.

ಹತ್ತು ತಿಂಗಳು ಪೆನ್ಸಿಲಿನಲ್ಲಿ ಸಹಿ ಮಾಡಿದ್ದನ್ನು ಆಕೆ ನನಗೆ ಎಂದೂ ಹೇಳಿರಲಿಲ್ಲ. ಆಗ ಕೇಳಿದೆ. ಪೆನ್ಸಿಲ್ ಗಟ್ಟಿ ಇತ್ತು, ಒತ್ತಿ ಬರೆಯದಿದ್ದರೆ ಮೂಡುತ್ತಿರಲಿಲ್ಲ ಎಂದಷ್ಟೇ ಅಂದಳು. ಪೆನ್ನು ಯಾಕಿಲ್ಲ ಎಂದು ಆಕೆಯೂ ಕೇಳಿರಲಿಲ್ಲ, ಅದಕ್ಕೆ ಮೊದಲಿನವರೂ ಕೇಳಿರಲಿಲ್ಲ.

ಗುಮಾಸ್ತರ ಮುಖದಲ್ಲಿ ಸಂಕೋಚವೇನೂ ಇರಲಿಲ್ಲ. "ಹಂಗಾಮಿ ಮಂದಿ ವರ್ಷಾ ಬದಲಿ ಆಗ್ತಾರ. ವರ್ಷಕ್ಕೊಂದು ಬುಕ್ ಎಲ್ಲಿಂದ ತರೂದ್ರೀ?"

ಹಾಗಾದರೆ ನನ್ನ ವರ್ಷದ್ದು ಹೋಯಿತೇ ಎಂದು ಆಕೆ ಕೇಳಿದಳು. ಅವಳ ದನಿ ತರಗತಿಯಲ್ಲಿ ಪ್ರಶ್ನೆ ಕೇಳುವಾಗ ಇದ್ದಂತೆಯೇ ಇತ್ತು.

"ನೋಡಬೇಕ್ರಿ. ನಾ ಯಾರರ ಹೋದ ಕೂಡ್ಲೆ ಒರಸಂಗಿಲ್ಲ. ಹೊಸಬರು ಬಂದಾಗಷ್ಟ ಒರಸ್ತೇನಿ. ಬರ್ತಾರೋ ಇಲ್ಲೋ, ಮೊದ್ಲ ಯಾಕ ಒರಸೂದು? ಸುಮ್ನ ರಬ್ಬರ್ ದಂಡ."

ನಾನು ಹೆಂಡತಿಯ ಮುಖ ನೋಡಿದೆ. ಆಕೆ ನನ್ನ ಮುಖ ನೋಡಲಿಲ್ಲ. ಹೋಲಿಕೆ ಬೇಡ ಎಂದವಳು ಆಕೆಯೇ. ಇದನ್ನು ನಾನು ಹೋಲಿಕೆಯಾಗಿ ಬರೆಯುತ್ತಲೂ ಇಲ್ಲ. ಗುಮಾಸ್ತರು ಹೇಳಿದ ಮಾತು ಇದು, ಅವರು ಆಪರೇಟಿಂಗ್ ಸಿಸ್ಟಮ್ ಓದಿದವರಲ್ಲ.

ಅವರು ಕಿಟಕಿಯ ಬಳಿ ಪುಸ್ತಕ ಬಿಚ್ಚಿದರು. ಆಕೆ ಬಿಟ್ಟು ಬಂದ ಮರುವರ್ಷ ಆ ಸಾಲಿಗೆ ಒಬ್ಬರು ಬಂದಿದ್ದರು. ಜುಲೈಯಿಂದ ಡಿಸೆಂಬರ್‌ವರೆಗೆ ಇದ್ದು, ಇಂಡಿಯಲ್ಲಿ ಜಾಗ ಖಾಲಿಯಾಯಿತೆಂದು ಜನವರಿಯಲ್ಲಿ ಅಲ್ಲಿಗೆ ಹೋಗಿದ್ದರು. ಆಮೇಲೆ ಅಲ್ಲಿಗೆ ಯಾರೂ ಬರಲಿಲ್ಲ, ಈ ವರ್ಷವೂ. ಹಾಗಾಗಿ ಆರು ಹಾಳೆಗಳಲ್ಲಿ ಅವರ ಹೆಸರು, ಅವರ ಸಹಿ. ಜನವರಿಯಿಂದ ಏಪ್ರಿಲ್‌ವರೆಗಿನ ನಾಲ್ಕು ಹಾಳೆಗಳಲ್ಲಿ ನನ್ನ ಹೆಂಡತಿಯ ಹೆಸರು, ಅವಳ ಸಹಿ, ಒಂದೂ ಮಾಸದೆ.

ಆರು ತಿಂಗಳಿನ ಆ ಹೆಸರು ಝಳಕಿಯವರದು.

ಗುಮಾಸ್ತರು ಜುಲೈ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಝಳಕಿಯವರ ಸಹಿಯ ಅಡಿಯಲ್ಲಿ, ಬಣ್ಣವಿಲ್ಲದೆ, ಕಾಗದ ಒತ್ತಿದ ಗೆರೆಗಳು ಕಂಡವು. ಆಕೆ ಒತ್ತಿ ಬರೆದದ್ದು. ರಬ್ಬರು ಸೀಸವನ್ನು ತೆಗೆದಿತ್ತು, ಗೆರೆಯ ಕುಳಿಯನ್ನು ತೆಗೆದಿರಲಿಲ್ಲ. ಆಕೆ ಬೆರಳಾಡಿಸಿ ನೋಡಿದಳು. ನಾನು ಫೋನ್ ತೆಗೆದೆ. ಫೋಟೋ ಬ್ಯಾಡ್ರೀ, ಪ್ರಿನ್ಸಿಪಾಲ್ರು ಬೈತಾರ ಎಂದರು ಗುಮಾಸ್ತರು. ನಾನು ಟಿಪ್ಪಣಿ ಪುಸ್ತಕ ತೆಗೆದು, ಯಾವ ತಿಂಗಳ ಹಾಳೆಯಲ್ಲಿ ಯಾರ ಹೆಸರಿದೆ, ಯಾರ ಸಹಿ ಇದೆ, ಅಡಿಯಲ್ಲಿ ಏನು ಕಾಣುತ್ತದೆ ಎಂಬುದನ್ನು ಒಂದೊಂದಾಗಿ ಬರೆದುಕೊಂಡೆ. ಅದಕ್ಕೆ ಅವರ ಆಕ್ಷೇಪವಿರಲಿಲ್ಲ.

ಗುಮಾಸ್ತರು ಒಳ್ಳೆಯ ಮನಸ್ಸಿನವರು. ಸ್ವಲ್ಪ ಯೋಚಿಸಿ, ಡ್ರಾವರಿನಿಂದ ರಬ್ಬರು ತೆಗೆದರು.

"ಮೇಡಮ್ಮಾರ, ಹಿಂಗ ಮಾಡೂಣು. ಈ ಆರು ತಿಂಗಳದ್ದು ನಾ ಒರಸ್ತೇನಿ. ನೀವು ಇಲ್ಲೇ ಕುಂತ ಸಹಿ ಮಾಡಿಬಿಡ್ರಿ. ಅಡಿಯೊಳಗ ನಿಮ್ಮದ ಐತಿ, ಸುಳ್ಳೇನ ಅಲ್ಲಲ್ಲ."

ಸುಳ್ಳಲ್ಲ, ಅದು ನಿಜ. ಬೆಳಕಿಗೆ ಹಿಡಿದು ನೋಡಿದ ಸಾಕ್ಷಿಗಳು ಮೂವರಿದ್ದೆವು. ಆಕೆ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು ಝಳಕಿಯವರ ಸಹಿಯ ಮೇಲೆ ಬೆರಳಿಟ್ಟಳು.

"ಅವ್ರೂ ಪಾಠ ಮಾಡ್ಯಾರಲ್ರೀ," ಎಂದಳು.

"ಅವ್ರು ಬಂದ ಕೇಳಿದ್ರ ಅವ್ರದ ಮತ್ತ ಬರದ್ರಾತು."

"ಬ್ಯಾಡ್ರಿ. ಇದ್ದಂಗ ಕಳಸ್ರಿ. ಅಲ್ಲೆ ನಾ ಬೆಳಕಿಗೆ ಹಿಡದ ತೋರಸ್ತೇನಿ."

ಗುಮಾಸ್ತರು ರಬ್ಬರನ್ನು ಒಳಗಿಟ್ಟರು. ಒಂದು ನೆರವು ನೀಡಲಾಗಲಿಲ್ಲವೆಂಬ ಬೇಸರ ಅವರಿಗಿತ್ತು. ಪುಸ್ತಕವನ್ನು ಪರಿಶೀಲನೆಗೆ ತಾವೇ ತರುವುದಾಗಿ ಮಾತು ಕೊಟ್ಟರು.

ಮಾತಿನಂತೆ ತಂದರು. ಪರಿಶೀಲನೆಯ ದಿನ ಬಸವನ ಬಾಗೇವಾಡಿಯ ಕಾಲೇಜಿನ ಗ್ರಂಥಾಲಯದಲ್ಲಿ ಕಾರ್ಯದರ್ಶಿಗಳು ಕೂತಿದ್ದರು. ನಾನು ಹೊರಗೆ ಬೆಂಚಿನ ಮೇಲೆ, ಬಾಗಿಲಿನಿಂದ ಒಳಗಿನದೆಲ್ಲ ಕಾಣುವ ಜಾಗದಲ್ಲಿ ಕೂತಿದ್ದೆ. ನನ್ನ ಹೆಂಡತಿ ಮತ್ತು ಝಳಕಿಯವರು ಅಕ್ಕಪಕ್ಕದ ಕುರ್ಚಿಗಳಲ್ಲಿದ್ದರು. ಗುಮಾಸ್ತರು ಬಿಳಿ ಅಂಗಿ ತೊಟ್ಟು, ಪುಸ್ತಕವನ್ನು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿಕೊಂಡು ಬಂದರು. ಅದು ನಮ್ಮ ಪತ್ರಿಕೆಯೇ ಆಗಿತ್ತು.

ಕಾರ್ಯದರ್ಶಿಗಳು ಪುಸ್ತಕ ಬಿಚ್ಚಿ, ಒಂದು ಹಾಳೆ ತಿರುವಿದರು, ಇನ್ನೊಂದು ತಿರುವಿದರು, ಕೊನೆಯವರೆಗೂ ತಿರುವಿದರು.

"ಇದರಾಗ ಯಾರೂ ಇಲ್ಲಲ್ಲ," ಎಂದರು.

ಯಾರೂ ಇರಲಿಲ್ಲ. ವಿಷಯಗಳ ಹೆಸರು ಮಾತ್ರ ಪೆನ್ನಿನಲ್ಲಿ ಉಳಿದಿತ್ತು. ಚೌಕಗಳೆಲ್ಲ ಬೆಳ್ಳಗಿದ್ದವು. ಗುಮಾಸ್ತರು ಅಭಿಮಾನದಿಂದಲೇ ವಿವರಿಸಿದರು: ಸಾಹೇಬರೇ ಖುದ್ದಾಗಿ ನೋಡುತ್ತಾರೆಂದು ಗೊತ್ತಾಗಿ, ಪುಸ್ತಕ ಗಲೀಜಾಗಿ ಕಾಣಬಾರದೆಂದು, ಎರಡು ದಿನ ಕೂತು ಎಲ್ಲ ಸ್ವಚ್ಛ ಮಾಡಿದ್ದರು. ಇಷ್ಟು ವರ್ಷಗಳಲ್ಲಿ ಹೊಸಬರು ಬರುವ ಮೊದಲೇ ಅವರು ಒರೆಸಿದ್ದು ಅದೊಂದೇ ಸಲ. ಮೇಡಮ್ಮಾರು ಬೆಳಕಿಗೆ ಹಿಡಿದು ತೋರಿಸುತ್ತೇನೆ ಅಂದಿದ್ದರಲ್ಲ, ಮೇಲಿನದು ಹೋದರೆ ಅಡಿಯದು ಇನ್ನೂ ಚೆನ್ನಾಗಿ ಕಾಣುತ್ತದೆ ಎಂಬ ಲೆಕ್ಕವೂ ಅದರಲ್ಲಿ ಇತ್ತಂತೆ.

ಝಳಕಿಯವರ ಮುಖ ಇಳಿಯಿತು. ಅವರ ಆರು ತಿಂಗಳಿಗೂ ಅದೇ ಪುಸ್ತಕ ಆಧಾರ. ಕೈಯಲ್ಲಿ ಪ್ರಮಾಣಪತ್ರವಿತ್ತು, ಆದರೆ ಮೂಲದಲ್ಲಿ ಇಲ್ಲದ್ದು ಪ್ರಮಾಣಪತ್ರದಲ್ಲಿ ಹೇಗೆ ಬಂತು ಎಂದು ಕಾರ್ಯದರ್ಶಿಗಳು ಕೇಳಿದರು.

ಗ್ರಂಥಾಲಯದ ಕಿಟಕಿಗಳಿಗೆ ಕಪಾಟುಗಳು ಅಡ್ಡವಾಗಿದ್ದವು. ಹಿಡಿದು ತೋರಿಸಲು ಬೆಳಕಿರಲಿಲ್ಲ. ಆಕೆ ಎದ್ದು, ಪುಸ್ತಕಕ್ಕೆ ಕಟ್ಟಿದ್ದ ಪೆನ್ಸಿಲನ್ನು ಅಡ್ಡ ಹಿಡಿದು, ಕಂಪ್ಯೂಟರಿನ ಸಾಲಿನ ಮೇಲೆ ಹಗುರವಾಗಿ ಎಳೆಯತೊಡಗಿದಳು. ಒತ್ತದೆ, ಸವರಿದ ಹಾಗೆ. ಚೌಕಗಳು ಬೂದಿ ಬಣ್ಣಕ್ಕೆ ತಿರುಗಿದವು. ಬೂದಿಯ ನಡುವೆ ಬಿಳಿ ಗೆರೆಯಲ್ಲಿ ಅವಳ ಹೆಸರು ಮೂಡಿತು, ಆಮೇಲೆ ವರ್ಷ, ಸಹಿ, ಪಕ್ಕದ ಚೌಕದಲ್ಲಿ ಅವಳದೇ ಇನ್ನೊಂದು ಸಹಿ. ಜುಲೈ, ಆಗಸ್ಟ್, ಹಾಳೆ ತಿರುವುತ್ತ ಏಪ್ರಿಲ್‌ವರೆಗೆ. ಗುಮಾಸ್ತರು ತಾವು ಸ್ವಚ್ಛ ಮಾಡಿದ ಹಾಳೆಗಳು ಕಪ್ಪಾಗುವುದನ್ನು ನೋಡಲಾರದೆ ಹೊರಗೆ ಬಂದು ನನ್ನ ಪಕ್ಕ ಕೂತರು.

ಕಾರ್ಯದರ್ಶಿಗಳು ಹತ್ತೂ ಹಾಳೆ ನೋಡಿ ಒಪ್ಪಿದರು. ನಿಮ್ಮದು ನಾಲ್ಕು ವರ್ಷ ಪೂರ್ತಿ ಆಯಿತು ಎಂದರು. ಝಳಕಿಯವರ ಕಡೆ ತಿರುಗಿ, ನಿಮ್ಮದು ಎಲ್ಲೂ ಮೂಡಿಲ್ಲವಲ್ಲ ಎಂದರು. ಅದು ಸರಿಯಾಗಿತ್ತು. ಅವರು ಹಗುರ ಕೈಯಿಂದ ಬರೆಯುವವರು. ಅವರ ಹೆಸರು ಬರೆಯುವ ಹೊತ್ತಿಗೆ ಗುಮಾಸ್ತರು ಪೆನ್ಸಿಲನ್ನೂ ಬದಲಿಸಿದ್ದರು, ಮೆತ್ತನೆಯದಕ್ಕೆ. ಕುಳಿ ಬಿದ್ದಿರಲಿಲ್ಲ.

ಅಲ್ಲಿಗೆ ವಿಷಯ ಮುಗಿಯುತ್ತಿತ್ತು. ಕಾರ್ಯದರ್ಶಿಗಳು ಪೆನ್ನಿನ ಟೋಪಿ ತೆಗೆದಿದ್ದರು.

"ಜುಲೈದಿಂದ ಡಿಸೆಂಬರ್ ತನಕ ಇವ್ರ ಸಹಿ ಇತ್ರೀ," ಎಂದಳು ನನ್ನ ಹೆಂಡತಿ. "ನನ್ನ ಸಹಿ ಮ್ಯಾಲೆ ಇತ್ತು. ನಾ ನೋಡೇನಿ."

"ನೀವು ನೋಡಿದ್ದು ಖರೆ ಇರಬಹುದು. ದಾಖಲೆ ಏನೈತ್ರಿ?"

"ನಮ್ಮ ಮನಿಯವ್ರು ಬರಕೊಂಡಾರ."

ನನ್ನನ್ನು ಒಳಗೆ ಕರೆದರು. ನಾನು ಟಿಪ್ಪಣಿ ಪುಸ್ತಕ ತೆಗೆದು, ಶನಿವಾರ ಮುದ್ದೇಬಿಹಾಳದಲ್ಲಿ ಕಂಡದ್ದನ್ನು ತಿಂಗಳವಾರು ಓದಿದೆ. ಓದದಿರಲು ಕಾರಣಗಳಿದ್ದವು. ಆದರೆ ಅವು ಟಿಪ್ಪಣಿಯಲ್ಲಿರಲಿಲ್ಲ. ಗುಮಾಸ್ತರೂ ಬಾಗಿಲಲ್ಲಿ ನಿಂತು ಹೌದ್ರಿ, ಹೌದ್ರಿ ಎಂದರು. ಅರ್ಜಿದಾರಳ ಗಂಡನೇ ಇನ್ನೊಬ್ಬರ ಪರ ಓದುತ್ತಿರುವಾಗ ನಂಬದೆ ಇರುವುದು ಹೇಗೆ ಎಂದು ಕಾರ್ಯದರ್ಶಿಗಳು ಅದನ್ನೂ ಒಪ್ಪಿದರು.

ಇಬ್ಬರದೂ ನಾಲ್ಕು ವರ್ಷವಾಯಿತು. ಸಮ ಬಂದಾಗ ಮೊದಲು ಸೇರಿದವರಿಗೆ ಎಂಬುದು ನಿಯಮ. ಮೊದಲ ವರ್ಷ ಇಬ್ಬರಿಗೂ ಒಂದೇ ದಿನ ಪತ್ರ ಬಂದಿತ್ತು. ಝಳಕಿಯವರು ಅವತ್ತೇ ಮಧ್ಯಾಹ್ನ ಹಾಜರಾಗಿದ್ದರು. ನನ್ನ ಹೆಂಡತಿ ಮರುದಿನ. ಪತ್ರ ಬಂದ ದಿನವೇ ಆಕೆ ಬೈಕಿನಲ್ಲಿ ಇಂಡಿಗೆ ಬಿಟ್ಟುಬರಲು ಕೇಳಿದ್ದಳು. ನಾನು ಸಚಿವರೊಬ್ಬರ ಭೇಟಿಯ ವರದಿಗೆ ಹೋಗಬೇಕಿತ್ತು, ಒಂದು ದಿನದಲ್ಲಿ ಏನಾಗುತ್ತದೆ ಎಂದಿದ್ದೆ. ಸಚಿವರು ಬಂದಿರಲಿಲ್ಲ.

ಹುದ್ದೆ ಝಳಕಿಯವರಿಗೆ ಹೋಯಿತು.

ಮೂವರೂ ಒಂದೇ ಬಸ್ಸು ಹತ್ತಿದೆವು. ಝಳಕಿಯವರು ಕಿಟಕಿಯ ಸೀಟನ್ನು ಅಕ್ಕಾರಿಗೆ ಬಿಟ್ಟುಕೊಟ್ಟು ಎದುರು ಸೀಟಿನಲ್ಲಿ ಕೂತರು. ಹೂವಿನ ಹಿಪ್ಪರಗಿ ದಾಟಿದ ಮೇಲೆ ಆಕೆಯೇ ಮಾತು ಶುರು ಮಾಡಿ, ಜುಲೈಯಿಂದ ಸಿಂದಗಿಯಲ್ಲಿ ಯಾವ ಪಾಠ ಎಂದು ಕೇಳಿದಳು. ಆಪರೇಟಿಂಗ್ ಸಿಸ್ಟಮ್ ಎಂದರು. ತಾವು ಇಲ್ಲಿಯವರೆಗೆ ಡೇಟಾಬೇಸ್ ಮಾತ್ರ ಕಲಿಸಿದ್ದು, ಅದು ತಮಗೆ ನೆಟ್ಟಗೆ ಬರುವುದಿಲ್ಲ ಎಂದೂ ಒಪ್ಪಿಕೊಂಡರು. ಆಕೆ ಚೀಲದಿಂದ ಟಿಪ್ಪಣಿಗಳನ್ನು ತೆಗೆದು ಕೊಟ್ಟಳು. ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ ಸಾಲು ತಪ್ಪುತ್ತಿದ್ದರೂ ಅವರು ಓದುತ್ತ ಹೋದರು. ಪುಟಗಳನ್ನು ತೆರವು ಮಾಡುವ ಅಧ್ಯಾಯಕ್ಕೆ ಬಂದು ನಿಂತರು.

"ಅಕ್ಕಾರ, ತೆರವು ಮಾಡೂ ಪಟ್ಟಿಗೆ ಹಾಕ್ಯಾರ ಅನ್ರಿ. ಇನ್ನೊಬ್ರಿಗೆ ಕೊಟ್ಟಿಲ್ಲ. ಅಷ್ಟರಾಗ ಮೊದಲಿನ ಪ್ರೋಗ್ರಾಮಿಗೇ ಅದು ಮತ್ತ ಬೇಕಾತು. ಆವಾಗ?"

"ಅದ ಪುಟ ಸಿಗತೈತಿ, ಇದ್ದ ಬರಹದ ಜೋಡಿನ. ಡಿಸ್ಕಿಗೆ ಹೋಗೂದು ಬೇಕಾಗಿಲ್ಲ," ಎಂದಳು. "ಖರೆ, ಲಗೂನ ಕೇಳಬೇಕು."

ಅವರು ಅಂಚಿನಲ್ಲಿ ಬರೆದುಕೊಂಡರು. ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಈಚೆ ತಿರುಗಿ, ಅವರು ಸಿಂದಗಿಗೆ ಬಂದರೆ ಇಂಡಿಯಲ್ಲಿ ಅವರು ಇದ್ದ ಹಂಗಾಮಿ ಜಾಗಕ್ಕೆ ಯಾರು ಬರುತ್ತಾರೆ ಎಂದು ಕೇಳಿದಳು. ಇನ್ನೂ ಯಾರಿಗೂ ಹೇಳಿಲ್ಲ ಎಂದರು ಅವರು.

ಮರುದಿನ ನಾನು ಏಳುವ ಹೊತ್ತಿಗೆ ಆಕೆ ಮನೆಯಲ್ಲಿರಲಿಲ್ಲ, ಬೈಕೂ ಇರಲಿಲ್ಲ. ದೇವಣಗಾಂವದಲ್ಲಿ ನನಗೊಂದು ಸಭೆಯಿತ್ತು, ಬಸ್ಸಿಗೆ ಹೋದೆ. ಹನ್ನೊಂದು ಗಂಟೆಗೆ ಇಂಡಿಯಿಂದ ಅವಳ ಫೋನ್ ಬಂತು. ಕಚೇರಿ ತೆರೆಯುವ ಮೊದಲೇ ಬಾಗಿಲಲ್ಲಿದ್ದಳಂತೆ. ಅರ್ಜಿ ತೆಗೆದುಕೊಂಡಿದ್ದಾರೆ, ಹತ್ತು ತಿಂಗಳಿಗೆ ಆ ಜಾಗ ನಿಮಗೇ ಎಂದು ಕಾರ್ಯದರ್ಶಿಗಳು ಪತ್ರವನ್ನೂ ಕೊಟ್ಟಿದ್ದಾರೆ, ತಾನು ಅಲ್ಲೇ ನಿಂತು ಎರಡು ಸಲ ಓದಿ ವಿಷಯ ಸರಿಯಿದೆಯೆಂದು ನೋಡಿಕೊಂಡಿದ್ದೇನೆ ಎಂದಳು. ಆಮೇಲೆ, ಬೈಕಿನ ಪೆಟ್ರೋಲು ಮುಗಿಯುತ್ತ ಬಂದಿದೆ, ನಿನ್ನೆಯೇ ಯಾಕೆ ಹಾಕಿಸಿರಲಿಲ್ಲ ಎಂದು ಕೇಳಿದಳು.